ಬೆಳಕಿಗೆ ತೂಕವಿಲ್ಲ

...ಇಲ್ಲ ಅಂದ್ರೆ ಇಲ್ಲ ಕಣೋ! ಎಷ್ಟು ಸಲ ಹೇಳ್ಬೇಕು ನಿನಗೆ? ನಾಳೆ ಬೆಳಿಗ್ಗೆ ನನ್ನ ಆಪರೇಷನ್ ಥಿಯೇಟರ್ ಒಳಗೆ ನೀನು ಮಾಡಿದ ಆ ಡಬ್ಬ ಬರೋದಿಲ್ಲ. ಬರೋದಿಲ್ಲ, ಬರೋದಿಲ್ಲ! ಬೇಕಾದ್ರೆ ಬಾಗಿಲ ಹೊರಗೆ ಇಟ್ಕೊಂಡು ಕಾವಲು ಕೂತಿರು... ಯಾಕೆ ನಗ್ತೀಯ? ಡಬ್ಬ ಅಂದಿದ್ದಕ್ಕಾ? ಮತ್ತೇನನ್ಲಿ? ನಾಲ್ಕು ಬಟನ್ನು, ಒಂದು ಹೊರೆ ವೈರು, ಮೇಲೊಂದು ಸ್ಕ್ರೀನು. ನೀನು ಅದಕ್ಕೆ ಎಷ್ಟು ಉದ್ದದ ಹೆಸರಿಟ್ರೂ ನನ್ನ ಬಾಯಲ್ಲಿ ಡಬ್ಬಾನೇ.

ಮೊದಲು ಕೂತ್ಕೋ. ಅಲ್ಲಲ್ಲ, ಆ ಕಡೆ ಬೇಡ. ಸ್ಟೂಲ್ ಎಳ್ಕೊಂಡು ಇಲ್ಲಿ, ನನ್ನ ಬಲಗಡೆ ಬಾ. ಅಲ್ಲಿ ಎಸಿ ಗಾಳಿ ನೆತ್ತಿಗೇ ಬಡಿಯುತ್ತೆ, ನಿನಗೆ ಮೊದಲೇ ನೆಗಡಿ... ಇಲ್ವಾ? ಬರುತ್ತೆ. ಅಕ್ಕ ಹೇಳಿದ ಮೇಲೆ ಕೂತ್ಕೋಬೇಕು, ಅಷ್ಟೆ.

ಏನು ನೋಡ್ತಿದ್ದೀಯ? ಹಣೆನಾ? ಏನಿಲ್ಲ, ಅಡುಗೆಮನೆ ಕಪಾಟಿನ ಬಾಗಿಲು. ನಿಮ್ಮ ಭಾವ ತೆರೆದು ತೆರೆದಂಗೇ ಬಿಟ್ಟಿದ್ರು. ಮದುವೆ ಆದಾಗಿಂದ ಹೇಳ್ತಾ ಇದ್ದೀನಿ, ಮುಚ್ಚಿ, ಮುಚ್ಚಿ ಅಂತ. ಮುಚ್ಚಿದ್ರೆ ತಾನೆ! ಬಿಡು ಅದನ್ನ. ಮಾತು ತಿರುಗಿಸ್ಬೇಡ.

ಗೊತ್ತು, ಗೊತ್ತು. ಆಸ್ಪತ್ರೆ ಸಮಿತಿ ಒಪ್ಪಿದೆ. ನಿನ್ನ ಕರೆಸಿ, ಕೂರಿಸಿ, ಬೆವರಿಳಿಸಿ, ಕೊನೆಗೆ ಒಪ್ಪಿದೆ. ನಾಳೆಯ ಪೇಷಂಟ್, ಆ ಈಜು ಟೀಚರ್ ಕೂಡ ಒಪ್ಪಿದಾಳೆ. ಪಾಪ, ಅವಳಿಗೇನು? ‘ನನ್ನ ಗಂಟಲಲ್ಲಿ ಏನು ಬೇಕಾದ್ರೂ ಅಳೀರಿ ಮೇಡಂ, ಆಚೆ ದಡದ ಮಕ್ಕಳಿಗೆ ಕೇಳಿಸೋ ಹಾಗೆ ಕೂಗೋಕೆ ಬಂದ್ರೆ ಸಾಕು’ ಅಂದ್ಲು. ಎಲ್ಲರೂ ಹೂಂ ಅಂದಾಯ್ತು, ನಾನೊಬ್ಬಳು ಬಾಕಿ. ಈ ವಿಭಾಗಕ್ಕೆ ದೊಡ್ಡೋಳು ನಾನು, ನಾನು ಹೂಂ ಅನ್ನದೆ ಇಲ್ಲಿ ಒಂದು ಹತ್ತಿ ಉಂಡೆ ಕೂಡ ಜಾಗ ಬಿಟ್ಟು ಅಲ್ಲಾಡಲ್ಲ. ಅದಕ್ಕೆ ತಾನೆ ನೀನು ಊಟದ ಹೊತ್ತಿಗೆ ಸರಿಯಾಗಿ ಬಂದು ನನ್ನನ್ನ ಈ ಅಭ್ಯಾಸದ ಕೋಣೆಗೆ ಎಳ್ಕೊಂಡು ಬಂದಿದ್ದು? ಹಸಿದಿದ್ದಾಗ ಅಕ್ಕ ಬೇಗ ಸೋಲ್ತಾಳೆ ಅಂತ! ಹಾಂ, ಸಿಕ್ಕಿಬಿದ್ದೆ.

ಅವಳ ದನಿ ಕೇಳಿದ್ದೀಯಾ ನೀನು? ಕೇಳ್ಬೇಕು. ಹರಿದ ತಗಡನ್ನ ನೆಲದ ಮೇಲೆ ಎಳೆದ ಹಾಗೆ. ದನಿಯ ತಂತು ಇದೆಯಲ್ಲ, ಗಂಟಲಲ್ಲಿ, ಅದರ ಮೇಲೆ ಒಂದು ಗಂಟು ಬೆಳೆದಿದೆ. ಸಾಸಿವೆಗಿಂತ ಸ್ವಲ್ಪ ದೊಡ್ಡದು. ಸಾಯಿಸೋ ಗಂಟಲ್ಲ ಸದ್ಯ. ಮೇಲಿನ ಪೊರೆ ಸಮೇತ ಅದನ್ನ ಸುಟ್ಟು ತೆಗೆದ್ರೆ ಆಯ್ತು. ಆದ್ರೆ ಪೊರೆ ಕೆಳಗೆ ಇನ್ನೊಂದಿದೆ, ಮೆತ್ತಗೆ, ತೆಳ್ಳಗೆ. ಅದನ್ನ ಮುಟ್ಟಿದ್ವೋ, ಮುಗೀತು. ಗಾಯ ಮಾಯುತ್ತೆ, ದನಿ ಮಾಯಲ್ಲ. ಆಮೇಲೆ ಅವಳು ಜೀವನಪೂರ್ತಿ ಸೀಟಿ ಊದ್ಕೊಂಡು ಈಜು ಕಲಿಸ್ಬೇಕು. ಅದಕ್ಕೇ ಹೇಳೋದು, ಇದು ನನ್ನ ಕೆಲಸ. ನಿನ್ನ ಡಬ್ಬದ್ದಲ್ಲ.

ಹೇಳು, ಹೇಳು, ಇನ್ನೊಂದು ಸಲ ಹೇಳು, ಬಾಯಿಪಾಠ ಆಗಿದೆ ನನಗೆ! ಸುಡೋ ಬೆಳಕಿನ ದಾರೀಲೇ ಇನ್ನೊಂದು ಮಂದ ಬೆಳಕು ಹೋಗುತ್ತೆ. ಸುಟ್ಟು ಆದ ಗುಂಡಿಯ ತಳ ಮುಟ್ಟಿ ವಾಪಸ್ ಬರುತ್ತೆ. ಬಂದು, ಇಷ್ಟು ಆಳ ಆಯ್ತು ಅಂತ ಸ್ಕ್ರೀನ್ ಮೇಲೆ ಗೆರೆ ಎಳೆಯುತ್ತೆ. ಗೆರೆ ನಾವು ಹೇಳಿದ ಮಟ್ಟಕ್ಕೆ ಇಳಿದ ತಕ್ಷಣ ಲೇಸರ್ ತಾನಾಗೇ ನಿಲ್ಲುತ್ತೆ. ಸರೀನಾ? ನೋಡು, ನಿನ್ನ ಹೆಂಡತಿಗಿಂತ ಚೆನ್ನಾಗಿ ಹೇಳಿದೆ. ಅವಳು ಪಾಪ, ನೀನು ಈ ಡಬ್ಬದ ಪರೀಕ್ಷೆಗೆ ಮೊಟ್ಟೆ ಸಿಪ್ಪೆ ಕೊರೆದು ಒಳಗಿನ ಪೊರೆ ಹರಿಯದ ಹಾಗೆ ತೋರಿಸಿದ್ಯಲ್ಲ, ಆ ಕಾಲದಲ್ಲಿ ಮನೇಲಿ ಬರೀ ಆಮ್ಲೆಟ್ ತಿಂದು ತಿಂದು... ಹ್ಞಾಂ, ನನಗೆ ಫೋನ್ ಮಾಡಿ ಅತ್ತಿದ್ಲು. ಗೊತ್ತಿರ್ಲಿಲ್ವಾ? ಈಗ ಗೊತ್ತಾಯ್ತಲ್ಲ.

ಚಿಕ್ಕವನಿದ್ದಾಗಲೂ ಹೀಗೇ ನೀನು. ಅಮ್ಮನ ಹೊಲಿಗೆ ಮಿಷನ್ ಬಿಚ್ಚಿ ಹರಡ್ಕೊಂಡು ಕೂತಿದ್ದೆ. ಜೋಡಿಸೋಕೆ ಬರ್ಲಿಲ್ಲ. ಅಮ್ಮ ಬಂದಾಗ ನಾನು ಮುಂದೆ ನಿಂತೆ. ಯಾರಿಗೆ ಬಿತ್ತು ಏಟು? ನನಗೆ! ನೀನು ಬಾಗಿಲ ಹಿಂದೆ ನಿಂತು ಒಂದು ಸ್ಕ್ರೂ ಕೈಯಲ್ಲಿ ಹಿಡ್ಕೊಂಡು, ‘ಅಕ್ಕಾ, ಇದೊಂದು ಉಳೀತು’ ಅಂತಿದ್ದೆ... ನಗು, ನಗು. ನಗೋಕೆ ಚೆನ್ನಾಗಿದೆ ಈಗ.

ಆದ್ರೆ ಗಂಟಲು ಹೊಲಿಗೆ ಮಿಷನ್ ಅಲ್ಲಪ್ಪ. ಕೇಳು. ಚಾಕು ಹಿಡಿದ್ರೆ ಕೈಗೆ ಎಲ್ಲ ತಿಳಿಯುತ್ತೆ. ಇದು ಮೆತ್ತಗಿದೆ, ಇದು ಬಿಗಿ, ಇನ್ನು ಸಾಕು ಅಂತ ಬೆರಳಿಗೇ ಗೊತ್ತಾಗುತ್ತೆ. ಲೇಸರ್‌ನಲ್ಲಿ ಏನಿದೆ? ಬೆಳಕು. ಬೆಳಕಿಗೆ ತೂಕವಿಲ್ಲ. ಮೇಲಿನ ಪೊರೆ ಸುಟ್ರೂ ಅಷ್ಟೇ, ಕೆಳಗಿನ ಪೊರೆ ಸುಟ್ರೂ ಅಷ್ಟೇ, ಕೈಗೆ ಒಂದೇ ತರ. ಕಾಲಲ್ಲಿ ಪೆಡಲ್ ಒತ್ತಿದ್ರೆ ಸುಡುತ್ತೆ, ಬಿಟ್ರೆ ನಿಲ್ಲುತ್ತೆ. ಯಾವಾಗ ಬಿಡ್ಬೇಕು? ಅದನ್ನ ಹೇಳೋದು ಯಾರು? ಕಣ್ಣು! ಮೈಕ್ರೋಸ್ಕೋಪಿನ ಎರಡು ಕೊಳವೆಗೆ ಎರಡು ಕಣ್ಣಿಟ್ಟು ನೋಡಿದ್ರೆ ಗುಂಡಿ ಎಷ್ಟು ಇಳೀತು ಅಂತ ಎದ್ದು ಕಾಣುತ್ತೆ. ಜೊತೆಗೆ ಬಣ್ಣ. ಹೊಗೆ ಏಳೋ ರೀತಿ. ಇಷ್ಟು ವರ್ಷ ನನ್ನ ಕಣ್ಣೇ ನನಗೆ ಅಳತೆ. ಯಾವ ಡಬ್ಬದ ಹತ್ರಾನೂ ಹೋಗಿ ‘ಸ್ವಾಮಿ, ಎಷ್ಟಾಯ್ತು?’ ಅಂತ ಕೇಳ್ದೋಳಲ್ಲ ನಾನು.

...ಯಾಕೆ ಹಾಗೆ ಹುಬ್ಬೇರಿಸ್ತೀಯ? ನಾನು ಹೇಳಿದ್ರಲ್ಲಿ ತಪ್ಪೇನಿದೆ?

ಹೌದು, ಒಂದು ಕಾಲಕ್ಕೆ ನಾನೂ ಹೊಸ ಯಂತ್ರ ತಬ್ಕೊಂಡು ಓಡಾಡಿದೋಳೇ. ಅಲ್ಲ ಅಂದ್ನಾ? ಈ ಆಸ್ಪತ್ರೆಗೆ ಮೊದಲ ಲೇಸರ್ ಬಂದಾಗ ನಮ್ಮ ಮುದುಕ ಡಾಕ್ಟರು ಅದರ ಮೇಲೆ ಬಟ್ಟೆ ಹೊದಿಸಿಟ್ಟಿದ್ರು. ‘ಬೆಂಕಿ ಹಿಡ್ಕೊಂಡು ಗಂಟಲೊಳಗೆ ಹೋಗ್ತೀಯೇನಮ್ಮ?’ ಅಂತಿದ್ರು. ನಾನು ಕೇಳ್ಲಿಲ್ಲ. ಡ್ಯೂಟಿ ಮುಗಿಸಿ ಬಂದು ಇದೇ ಕೋಣೇಲಿ ಟೊಮೇಟೊ ಇಟ್ಕೊಂಡು ಸುಡ್ತಿದ್ದೆ. ಸಿಪ್ಪೆ ಮಾತ್ರ ಹೋಗ್ಬೇಕು, ತಿರುಳಿಗೆ ಕಲೆ ಬೀಳ್ಬಾರದು. ಬುಟ್ಟಿಗಟ್ಟಲೆ ಟೊಮೇಟೊ! ಕೋಣೆ ತುಂಬ ಸುಟ್ಟ ಸಾರಿನ ವಾಸನೆ. ಒಂದು ದಿನ ಆ ಮುದುಕರು ಬಂದು, ಒಂದು ಟೊಮೇಟೊ ತಗೊಂಡು, ತಿರುಗಿಸಿ ತಿರುಗಿಸಿ ನೋಡಿ, ಜೇಬಿಗೆ ಹಾಕ್ಕೊಂಡು ಹೋದ್ರು. ಮಾರನೇ ದಿನ ಯಂತ್ರದ ಮೇಲಿನ ಬಟ್ಟೆ ಇರ್ಲಿಲ್ಲ.

ಏಯ್, ಏಯ್, ಬೆರಳು ತೋರಿಸ್ಬೇಡ. ನೀನೇನು ಹೇಳೋಕೆ ಹೊರಟೆ ಅಂತ ಗೊತ್ತು. ‘ಈಗ ನೀನೇ ಆ ಮುದುಕರು, ಅಕ್ಕ’ ಅಂತ ತಾನೆ? ಅಂದ್ಕೋ! ನನಗೇನು? ನನ್ನ ಟೊಮೇಟೊ ನಾನು ಸುಟ್ಟಾಗಿದೆ.

ಏನು? ...ಯಾರು ಹೇಳಿದ್ದು ನಿನಗೆ? ಆ ನರ್ಸಮ್ಮನಾ? ಅವಳ ಬಾಯಿಗೊಂದು ಹೊಲಿಗೆ ಹಾಕ್ಬೇಕು. ಹೌದು, ಇತ್ತೀಚೆಗೆ ಕೇಸೆಲ್ಲ ಚಿಕ್ಕ ಡಾಕ್ಟರಿಗೆ ಬಿಡ್ತಿದ್ದೀನಿ. ಯಾಕೆ, ಬಿಡ್ಬಾರದಾ? ಅವಳು ನನ್ನ ಕೈಕೆಳಗೆ ಕಲಿತೋಳು, ನಿಧಾನ, ಅಚ್ಚುಕಟ್ಟು, ಕೈ ನಡುಗಲ್ಲ. ಮಾಡ್ಲಿ ಅಂತ ಬಿಟ್ಟೆ. ನನಗೂ ಬೆನ್ನು ನೋವು. ಕಾರ್? ಕಾರ್ ಯಾಕೆ ತರ್ತಿಲ್ಲ ಅಂದ್ರೆ, ನಡೆದು ಬಂದ್ರೆ ಬೆನ್ನಿಗೆ ಒಳ್ಳೇದು ಅಂತ! ಅಲ್ಲ, ನೀನು ಡಬ್ಬ ಮಾರೋಕೆ ಬಂದಿದ್ದೀಯೋ, ಪೊಲೀಸ್ ಕೆಲಸಕ್ಕೆ ಬಂದಿದ್ದೀಯೋ?

ನಾಳೇದನ್ನೂ ಅವಳಿಗೇ ಬಿಡ್ಬಹುದಿತ್ತು ಅಂತೀಯ. ಬಿಡಲ್ಲ! ಆ ಈಜು ಟೀಚರ್ ನನ್ನ ಕೈ ಹಿಡ್ಕೊಂಡು, ‘ನೀವೇ ಮಾಡ್ಬೇಕು, ನೀವಾದ್ರೆ ಮಾತ್ರ’ ಅಂದ್ಲು. ಇಲ್ಲಿ ಹೊರಗೆ, ಕಾರಿಡಾರ್‌ನಲ್ಲಿ, ಎಲ್ಲರ ಮುಂದೆ. ಆಗಲಿ ಅಂದೆ. ಅಂದ ಮೇಲೆ ಮುಗೀತು. ಈ ಕೈ ಇನ್ನೂ ಕಟ್ಟಿ ಕೂರೋ ಕೈಯಲ್ಲ. ನಿವೃತ್ತಿ ಆಗೋಕೆ ಇನ್ನೂ ಕಾಲ ಇದೆ. ಯಾರಾದ್ರೂ ಬಂದು ಏಳಮ್ಮ ಅಂದ್ರೆ ಏಳೋಕೆ ನಾನೇನು ಬಸ್ ಸೀಟಲ್ಲಿ ಕೂತಿಲ್ಲ!

...ಆಯ್ತು. ಆಯ್ತು ಕಣೋ. ಹಾಗೆ ಮುಖ ಸಪ್ಪಗೆ ಮಾಡ್ಕೋಬೇಡ, ಆ ಮುಖ ನೋಡಿದ್ರೆ ಚಿಕ್ಕಂದಿನಿಂದ ನನಗೆ ಆಗಲ್ಲ. ನಿನಗೆ ನೋಡ್ಬೇಕು ತಾನೆ? ನೋಡು. ಏನು ತಂದಿದ್ದೀಯ ಐಸ್ ಡಬ್ಬೀಲಿ? ಕುರಿ ಗಂಟಲಾ? ಮಾಂಸದ ಅಂಗಡಿಯವನು ಏನಂದ? ...ಸಾರಿಗಾ ಅಂತ ಕೇಳಿದ್ನಾ! ಇಡು ಮೈಕ್ರೋಸ್ಕೋಪ್ ಕೆಳಗೆ. ಸುತ್ತ ಒದ್ದೆ ಬಟ್ಟೆ ಹಾಕು. ಇನ್ನೂ ಒದ್ದೆ ಮಾಡು, ಬೆಂಕಿ ಹತ್ತಿದ್ರೆ ನಮ್ಮ ಮುದುಕರ ಮಾತೇ ನಿಜ ಆಗುತ್ತೆ. ಬಾಗಿಲ ಮೇಲಿನ ಕೆಂಪು ದೀಪ ಹಾಕು. ಕನ್ನಡಕ ಹಾಕ್ಕೋ, ಇದು ಮೊಟ್ಟೆಯಲ್ಲ, ಕಣ್ಣು ಹೋಗುತ್ತೆ. ಎಲ್ಲಿಗೆ ಹೊರಟೆ? ಓ, ನಿನ್ನ ಡಬ್ಬ ಆ ಕಡೆ ಇದೆಯಲ್ಲ. ಸರಿ, ಅಲ್ಲೇ ನಿಂತ್ಕೋ, ಎಡಗಡೆ. ಬೇಕಾದ್ರೆ ನಿನ್ನ ಡಬ್ಬ ಅಳ್ಕೊಳ್ಳಲಿ. ಆದ್ರೆ ಬಾಯಿ ಮುಚ್ಕೊಂಡು ಅಳೀಬೇಕು! ಬೀಪ್ ಅನ್ಬಾರದು. ನಡುವೆ ನನ್ನ ಬೆಳಕು ನಿಲ್ಲಿಸ್ಬಾರದು. ಸ್ಕ್ರೀನ್ ನಿನ್ನ ಕಡೆಗೇ ತಿರುಗಿಸ್ಕೋ, ನನಗೆ ಬೇಡ. ನಾನು ಮೇಲಿನ ಪೊರೆ ಮಾತ್ರ ತೆಗೀತೀನಿ, ಅಕ್ಕಿಕಾಳಿನಷ್ಟು ಉದ್ದ. ಕೆಳಗಿನದು ಹಾಗೇ ಇರುತ್ತೆ. ಆಮೇಲೆ ನೀನು ಡಬ್ಬ ಎತ್ಕೊಂಡು ಮನೆಗೆ ಹೋಗ್ತೀಯ. ಒಪ್ಪಂದ?

ಹ್ಞಾಂ, ತಲೆ ಆಡಿಸ್ದೆ. ಒಪ್ಪಂದ ಆಯ್ತು.

ಹೊಗೆ ಎಳೆಯೋ ಪೈಪ್ ಹತ್ತಿರ ಹಿಡಿ... ಸಾಕು. ಹ್ಞಾಂ. ಕಾಣ್ತಿದೆ. ಚೆನ್ನಾಗಿ ಕಾಣ್ತಿದೆ. ನೋಡು, ಒಳ್ಳೇ ಗಂಟಲು ಇತ್ತು ಈ ಕುರಿಗೆ, ಹಾಡ್ತಿತ್ತೋ ಏನೋ. ಪೆಡಲ್... ಟಿಕ್. ಟಿಕ್. ಕೇಳಿಸ್ತಾ? ಹೀಗೆ, ಒಂದೊಂದೇ ಚುಕ್ಕಿ. ಪಕ್ಕಪಕ್ಕ. ಆತುರ ಇಲ್ಲ. ಟಿಕ್... ಇನ್ನೊಂದು. ಇನ್ನೂ ಸ್ವಲ್ಪ ಇದೆ ಅನ್ಸುತ್ತೆ. ಇದೆ, ಇದೆ. ಟಿಕ್. ಮೇಲಿನದು ಇನ್ನೂ ಪೂರ್ತಿ ಬಿಟ್ಟಿಲ್ಲ. ಟಿಕ್... ಏನಂದೆ? ಏನೋ ಅಂದ ಹಾಗಾಯ್ತು. ಇಲ್ವಾ? ಸುಮ್ನಿರು ಹಾಗಾದ್ರೆ. ಉಸಿರು ಹಾಗೆ ಎಳ್ಕೋಬೇಡ, ನನಗೆ ಗಮನ ತಪ್ಪುತ್ತೆ. ಟಿಕ್. ಟಿಕ್. ಆಯ್ತು!

ಆಯ್ತು ನೋಡು. ತಗೋ, ಪೆಡಲ್ ಬಿಟ್ಟೆ. ಲೇಸರ್ ಆರಿಸು.

ಹೇಗೆ? ಹೇಳು ಈಗ! ...ಮಾತಾಡಲ್ವಾ? ಸೋತೋರಿಗೆ ಮಾತು ಕಷ್ಟ ಬಿಡು. ಈ ಗ್ಲೌಸ್ ಒಂದು, ಬೆವರಿಗೆ ಅಂಟಿಕೊಂಡ್ರೆ ಬಿಡೋದೇ ಇಲ್ಲ... ಆ ತುಂಡು ಎತ್ತಿ ಕೊಡು ಇಲ್ಲಿ, ನಾನೂ ಬೆಳಕಿಗೆ ಹಿಡಿದು ನೋಡ್ತೀನಿ. ಎಷ್ಟು ಜನ ಬಂದು ಕಲಿತು ಹೋದ್ರು ಇದೇ ಮೇಜಿನ ಹತ್ರ, ಗೊತ್ತಾ ನಿನಗೆ? ‘ಮೇಡಂ, ಎಲ್ಲಿ ನಿಲ್ಲಿಸ್ಬೇಕು ಅಂತ ಹೇಗೆ ಗೊತ್ತಾಗುತ್ತೆ?’ ಅಂತ ಕೇಳ್ತಿದ್ರು. ನೋಡಿ, ನೋಡ್ತಾ ನೋಡ್ತಾ ಗೊತ್ತಾಗುತ್ತೆ ಅಂತಿದ್ದೆ. ಬೇರೆ ಏನು ಹೇಳ್ಲಿ? ನನಗೆ ಹಾಗೇ ಗೊತ್ತಾಗ್ತಿತ್ತು. ಕೊಡೋ. ಮೆಟ್ಟಿಲು ಇಳಿಯೋವಾಗ ಯಾರಾದ್ರೂ ಎಣಿಸ್ತಾರಾ? ಕಾಲಿಗೆ ಗೊತ್ತು. ಹಾಗೆ. ಹಾಗೇ ಕಣೋ. ಅದನ್ನ ನಿನ್ನ ಸ್ಕ್ರೀನ್ ಮೇಲೆ ಗೆರೆ ಎಳೆದು ತೋರಿಸ್ತೀನಿ ಅಂತೀಯಲ್ಲ, ಅದಕ್ಕೇ ನನಗೆ ಮೈ ಉರಿಯೋದು. ಕೊಡು ಅಂದ್ನಲ್ಲ? ಏನಾಗಿದೆ ನಿನಗೆ? ನಾನು ಕೈ ಚಾಚಿ ಎಷ್ಟು ಹೊತ್ತಾಯ್ತು, ಒಂದು ತುಂಡು ಎತ್ತಿ ಕೊಡೋಕೆ ಇಷ್ಟು ಕೊಬ್ಬಾ? ಅಲ್ಲೇ ಇದ್ದೀಯೋ, ಬಾಗಿಲು ತೆಗೆದು ಹೋದ್ಯೋ? ಏಯ್!

...

ಓ.

ಇಲ್ಲೇ ಇದ್ದೀಯ.

ಎಷ್ಟು ಹೊತ್ತಿಂದ ಹಿಡ್ಕೊಂಡು ನಿಂತಿದ್ದೀಯೋ ಇದನ್ನ? ನನ್ನ ಎಡ ಭುಜದ ಪಕ್ಕದಲ್ಲೇ?

ನಾನು ಮೊದಲ ಸಲ ಕೇಳಿದಾಗಿಂದಾನಾ?

ಏನಾದ್ರೂ ಅನ್ನು. ಬೈಯಿ. ಇಲ್ಲಿ ತಾ. ...ಬೆಳಕು ಬರ್ತಿದೆ. ಆ ಕಡೆಯಿಂದ. ಮೇಲಿನ ದೀಪ ಕಾಣ್ತಿದೆ ಇದರೊಳಗೆ. ಮೇಲಿನ ಪೊರೆ, ಕೆಳಗಿನದು, ಅದರ ಕೆಳಗಿನದು, ಎಲ್ಲ ದಾಟಿ ತೂತು. ಅದಕ್ಕೇ ನೀನು ಉಸಿರು ಎಳ್ಕೊಂಡಿದ್ದು. ಸ್ಕ್ರೀನ್ ಮೇಲೆ ನೋಡ್ತಾನೇ ಇದ್ದೆ ನೀನು, ಗೆರೆ ಇಳೀತಾ, ಇಳೀತಾ... ನಾನೇ ತಾನೆ ಬಾಯಿ ಮುಚ್ಕೊಂಡಿರು ಅಂದಿದ್ದು.

ಹೌದು. ಎಡಗಣ್ಣು. ಬೆಳಕೇ ಇಲ್ಲ ಅದರಲ್ಲಿ. ಒಂದು ದಿನ ಬೆಳಿಗ್ಗೆ ಎದ್ದೆ, ಕಿಟಕಿ ಅರ್ಧ ಇರ್ಲಿಲ್ಲ. ಉಜ್ಜಿಕೊಂಡೆ, ತೊಳ್ಕೊಂಡೆ. ಆಮೇಲೆ ಪಕ್ಕದೂರಿಗೆ ಹೋಗಿ, ಹೆಸರು ಬದಲಾಯಿಸಿ ತೋರಿಸ್ಕೊಂಡೆ. ನಾನೂ ಡಾಕ್ಟರ್ ಅಂತ ಹೇಳ್ಲಿಲ್ಲ. ಕಣ್ಣಿನ ಹಿಂದೆ ರಕ್ತನಾಳ ಕಟ್ಟಿದೆಯಂತೆ. ‘ಬೇಗ ಬಂದಿದ್ರೂ ಕಷ್ಟವೇ ಇತ್ತಮ್ಮ. ಒಂದು ಕಣ್ಣಿದೆಯಲ್ಲ, ಅಡುಗೆ ಗಿಡುಗೆ ಮಾಡ್ಕೋಬಹುದು’ ಅಂದ ಆ ಕಣ್ಣಿನ ಡಾಕ್ಟರ್ ಹುಡುಗ. ಅಡುಗೆ! ನನಗೆ!

ಅದಾದ ಮೇಲೆ ಯಾರನ್ನೂ ಮುಟ್ಟಿಲ್ಲ. ಆಣೆ ಕಣೋ, ಒಬ್ಬರನ್ನೂ ಮುಟ್ಟಿಲ್ಲ. ನಾಳೇನೇ ಮೊದಲನೇದು ಆಗ್ತಿತ್ತು. ಅಭ್ಯಾಸ ಇದೆಯಲ್ಲ, ಕೈಗೆ ಗೊತ್ತಿದೆಯಲ್ಲ ಅಂದ್ಕೊಂಡಿದ್ದೆ. ಬಣ್ಣ ನೋಡಿ ಹೇಳ್ಬಹುದು ಅಂದ್ಕೊಂಡಿದ್ದೆ. ನಿಮ್ಮ ಭಾವನಿಗೂ ಹೇಳಿಲ್ಲ. ಪಾಪ, ಕಪಾಟಿನ ಬಾಗಿಲು ಅವರು ಮುಚ್ಚೇ ಇರ್ತಾರೆ. ತೆರೆದೋಳು ನಾನೇ.

ಏಯ್, ಅಳ್ತೀಯೇನೋ? ಅಳ್ಬೇಡ. ನಾನು ಅತ್ತಿಲ್ಲ, ನೀನ್ಯಾಕೆ ಅಳ್ಬೇಕು?

ಒಂದು ಮಾತು ಕೇಳ್ತೀನಿ, ಸುಳ್ಳು ಹೇಳ್ಬಾರದು. ನಿನ್ನ ಈ... ಯಂತ್ರ. ಇದು ನನಗೆ ಆಳ ಹೇಳುತ್ತೆ ತಾನೆ? ಹೇಳಿದ ಮಟ್ಟಕ್ಕೆ ನಿಲ್ಲಿಸುತ್ತೆ ತಾನೆ? ಹಾಗಾದ್ರೆ ಇದು ಪಕ್ಕದಲ್ಲಿದ್ರೆ ನಾಳೆ ನಾನೇ... ಒಂದು ಕಣ್ಣಲ್ಲೇ...

ಮಾತಾಡು.

ಗೊತ್ತಿತ್ತು. ನೀನು ಹಾಗೆ ಇಲ್ಲ ಅಂತ ತಲೆ ಅಲ್ಲಾಡಿಸಿದ್ರೆ ಅಮ್ಮನ ಹಾಗೇ ಕಾಣ್ತೀಯ. ಗೊತ್ತು ಬಿಡು. ಅದು ಎಷ್ಟು ಆಳ ಅಂತ ಹೇಳುತ್ತೆ, ಎಲ್ಲಿ ಅಂತ ಹೇಳಲ್ಲ. ಆ ಗಂಟಿನ ಅಂಚು ಎಲ್ಲಿ ಮುಗೀತು, ಒಳ್ಳೇದು ಎಲ್ಲಿ ಶುರುವಾಯ್ತು ಅಂತ ಆರಿಸ್ಬೇಕಾದೋರಿಗೆ ಎರಡು ಕಣ್ಣು ಬೇಕು. ನನ್ನ ವಿದ್ಯಾರ್ಥಿ ಯಾರಾದ್ರೂ ಬಂದು ಹೀಗೆ ಕೇಳಿದ್ರೆ ಕತ್ತು ಹಿಡಿದು ಹೊರಗೆ ಹಾಕ್ತಿದ್ದೆ.

ಆ ಫೋನ್ ಕೊಡು. ಬಲಗಡೆಯಿಂದ ಕೊಡು, ಮಾರಾಯ.

...ಹಲೋ, ಚಿಕ್ಕ ಡಾಕ್ಟರಾ? ನಾನಮ್ಮ. ನಾಳೆ ಬೆಳಿಗ್ಗೆ ಈಜು ಟೀಚರ್ ಕೇಸು, ಕುಯ್ಯೋದು ನೀನು. ಹ್ಞಾಂ, ನೀನೇ. ಇಲ್ಲ, ಬೆನ್ನು ನೋವಲ್ಲ. ನನ್ನ ಎಡಗಣ್ಣು ಹೋಗಿದೆ. ಕೇಳಿಸ್ತಲ್ಲ, ಮತ್ತೆ ಹೇಳಲ್ಲ. ನನ್ನ ತಮ್ಮನ ಯಂತ್ರಾನೂ ಇರುತ್ತೆ, ಈಗಲೇ ಕೆಳಗೆ ಬಾ, ಕುರಿ ಗಂಟಲು ಇನ್ನೂ ಉಳಿದಿದೆ, ನಾಲ್ಕು ಸಲ ಕೊಯ್ದು ನೋಡು. ಆ ಟೀಚರ್‌ಗೆ ನಾನೇ ಹೋಗಿ ಹೇಳ್ತೀನಿ, ಈಗಲೇ. ಯಾಕೆ ಅಂತಾನೂ ಹೇಳ್ತೀನಿ. ಅವಳು ಬೇಡ ಅಂದ್ರೆ ಬೇಡ, ಬೇರೆ ಆಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತೀನಿ. ...ಅಳ್ಬೇಡ ನೀನೂ! ಏನಿದು, ಎಲ್ಲರೂ ಇವತ್ತು ಅಳೋಕೆ ನಿಂತ್ರಿ? ಇಡ್ತೀನಿ.

ಏನೋ ಹಾಗೆ ನೋಡ್ತೀಯ? ನಾನು ಮನೆಗೆ ಹೋಗಿ ಕೂರ್ತೀನಿ ಅಂದ್ಕೊಂಡ್ಯಾ? ಆಸೆ ನೋಡು! ನಾಳೆ ನಾನೂ ಒಳಗೇ ಇರ್ತೀನಿ. ಅವಳು ಕುಯ್ಯೋವಾಗ ತಲೆ ಎತ್ತಿ ನಿನ್ನ ಸ್ಕ್ರೀನ್ ನೋಡೋಕಾಗಲ್ಲ, ಮೈಕ್ರೋಸ್ಕೋಪ್ ಬಿಡೋಕಾಗಲ್ಲ. ಯಾರಾದ್ರೂ ಒಬ್ಬರು ಪಕ್ಕದಲ್ಲಿ ನಿಂತು ಗೆರೆ ಓದ್ಬೇಕು. ಇಳೀತು, ಇನ್ನೂ ಇದೆ, ಸಾಕು ನಿಲ್ಲು, ಅಂತ ಹೇಳ್ಬೇಕು. ಅದೂ ಗಂಟಲು ಗೊತ್ತಿರೋರು. ನಿನ್ನ ಯಂತ್ರ ತಪ್ಪು ಹೇಳಿದ್ರೆ ತಪ್ಪು ಅಂತ ಗುರುತಿಸೋರು. ಹೇಳಿಯೇ ಹೇಳುತ್ತೆ ಒಂದಲ್ಲ ಒಂದು ಸಲ, ನೀನು ಮಾಡಿದ್ದಲ್ವಾ!

ಸ್ಟೂಲ್ ಎಳ್ಕೋ. ಸ್ಕ್ರೀನ್ ತಿರುಗಿಸು ನನ್ನ ಕಡೆ. ಈ ಹಸಿರು ಗೆರೆ ಏನು, ಕೆಂಪು ಯಾವುದು, ಮೊದಲಿಂದ ಹೇಳು, ಏನೂ ಗೊತ್ತಿಲ್ಲದೋಳಿಗೆ ಹೇಳೋ ಹಾಗೆ ಹೇಳು. ಮೂಗು ಒರೆಸ್ಕೊಂಡು ಹೇಳು. ಗೆರೆ ಓದೋಕೆ ಒಂದು ಕಣ್ಣು ಧಾರಾಳವಾಗಿ ಸಾಕು.